ಎದುರಿನವನಿಗೂ ಕಣ್ಣಿದೆ

ದುಡ್ಡು ಕೊಟ್ಟು ಕೊಂಡ ಬೆಳಕು ಪೂರ್ತಿ ನನ್ನದೇ? ಗಾಡಿ ನನ್ನದು, ಬ್ಯಾಟರಿ ನನ್ನದು, ಲೈಟೂ ನನ್ನದು. ಹಾಗೆಂದು ಅದನ್ನು ಎಷ್ಟು ಜೋರಾಗಿ, ಯಾರ ಮುಖಕ್ಕೆ ಬೇಕಾದರೂ ಬಿಡಬಹುದೇ? ಬಣಕಲ್‌ನಲ್ಲಿ ಆಟೊ ಎಲೆಕ್ಟ್ರಿಕಲ್ ಅಂಗಡಿ ಇಟ್ಟುಕೊಂಡಿರುವ ನನಗೆ ಈ ಪ್ರಶ್ನೆ ಕೈಯಲ್ಲಿ ಟೆಸ್ಟ್ ಲ್ಯಾಂಪು ಹಿಡಿದಿರುವಾಗಲೇ ಎದುರಾಗುತ್ತದೆ. ಮುಂಗಾರು ಹತ್ತಿರ ಬಂತೆಂದರೆ ಚಾರ್ಮಾಡಿ ಘಾಟಿ ಇಳಿದು ಹತ್ತುವ ಪಿಕಪ್ ಗಾಡಿಗಳು ಅಂಗಡಿ ಮುಂದೆ ಬಂದು ನಿಲ್ಲುತ್ತವೆ. ಎಲ್ಲರ ಬಾಯಲ್ಲೂ ಒಂದೇ ಮಾತು: “ಅಣ್ಣಾ, ಲೈಟು ಸಾಲ್ತಾ ಇಲ್ಲ. ಇನ್ನೊಂದು ಜೊತೆ ಹಾಕಿಕೊಡಿ.”

ಹಾಕಿಕೊಡುವುದು ನನ್ನ ಹೊಟ್ಟೆಪಾಡು. ಆದರೆ ಎಷ್ಟು ಹಾಕಬೇಕು, ಎಲ್ಲಿ ಹಾಕಬೇಕು, ಹೇಗೆ ಹಾಕಬೇಕು ಎಂಬುದು ಧರ್ಮದ ಪ್ರಶ್ನೆ ಎಂದು ನಾನು ಮನಸಾರೆ ನಂಬಿದ್ದೇನೆ. ಗುಡಿಯಲ್ಲಿ ದೀಪ ಹಚ್ಚುವವನಿಗೆ ಎಷ್ಟು ಶ್ರದ್ಧೆ ಬೇಕೋ ಅಷ್ಟೇ ಶ್ರದ್ಧೆ ರಸ್ತೆಯಲ್ಲಿ ದೀಪ ಹಚ್ಚುವವನಿಗೂ ಬೇಕು. ಗುಡಿಯ ದೀಪದ ಎದುರು ವಿಗ್ರಹವಿರುತ್ತದೆ. ರಸ್ತೆಯ ದೀಪದ ಎದುರು ಹೆಂಡತಿ ಮಕ್ಕಳಿರುವ, ನಿದ್ದೆಗೆಟ್ಟ, ಮನೆ ಸೇರಬೇಕಾದ ಮನುಷ್ಯನಿರುತ್ತಾನೆ.

ಲೈಟು ಕೇಳುವವರದ್ದು ದುರಾಸೆ ಎಂದು ನಾನು ಹೇಳುವುದಿಲ್ಲ. ರಾಷ್ಟ್ರೀಯ ಹೆದ್ದಾರಿ 73 ಕೊಟ್ಟಿಗೆಹಾರ ದಾಟಿದ ಮೇಲೆ ಹೇಗೆ ಇಳಿಯುತ್ತದೆಂದು ಕಂಡವರಿಗೆ ಗೊತ್ತು. ಒಂದು ಮಗ್ಗುಲಲ್ಲಿ ನೀರು ಒಸರುವ ಬಂಡೆ, ಇನ್ನೊಂದು ಮಗ್ಗುಲಲ್ಲಿ ಕಣಿವೆ, ನಡುವೆ ಒಂದರ ಹಿಂದೊಂದು ತಿರುವು. 2019ರ ಆಗಸ್ಟ್ ಮಳೆಗೆ ಗುಡ್ಡ ಕುಸಿದು ಈ ರಸ್ತೆಯೇ ಮುಚ್ಚಿಹೋಗಿತ್ತು. ಮಳೆಗಾಲದಲ್ಲಿ ಮಂಜು ಹಗಲಿನಲ್ಲೇ ರಸ್ತೆಯ ಗೆರೆಯನ್ನು ನುಂಗುತ್ತದೆ. ರಾತ್ರಿಯ ಮಾತು ಹೇಳಬೇಕಿಲ್ಲ. ಮೂಡಿಗೆರೆ ತಾಲ್ಲೂಕಿನಲ್ಲಿ ಆನೆ ರಸ್ತೆಗೆ ಬರುವುದು ಈಗ ಸುದ್ದಿಯೇ ಅಲ್ಲ. ಕಾಟಿ ಅಡ್ಡ ನಿಂತಿರುತ್ತದೆ. ಹಿಂದಿನ ಲೈಟು ಸತ್ತ ಲಾರಿಯೊಂದು ತಿರುವಿನಲ್ಲೇ ಕೆಟ್ಟು ನಿಂತಿರುತ್ತದೆ. ನಮ್ಮ ಕಡೆಯ ತರಕಾರಿ ಬೆಳಗಿನ ಜಾವಕ್ಕೆ ಮಂಗಳೂರು ಮುಟ್ಟಬೇಕು; ಅಲ್ಲಿಂದ ಮೀನು ಕೆಡುವ ಮೊದಲು ಮೇಲಕ್ಕೆ ಬರಬೇಕು. ಇಷ್ಟೆಲ್ಲದರ ನಡುವೆ ಸ್ಟೇರಿಂಗ್ ಹಿಡಿದವನು “ನನಗೆ ಕಾಣಬೇಕು” ಎಂದರೆ ಅದು ಬದುಕುವ ಆಸೆ. ಅದನ್ನು ಗೌರವಿಸದೆ ಧರ್ಮ ಹೇಳಲು ಹೊರಡುವುದು ತಪ್ಪು.

ಹಾಗಾಗಿ ನಾನು ಮೊದಲು ಮಾಡುವ ಕೆಲಸ, ಅವನಿಗೆ ನಿಜವಾಗಿ ಏನು ಕೊರತೆಯಾಗಿದೆ ಎಂದು ನೋಡುವುದು. ಬ್ಯಾಟರಿಯ ಬಳಿ ಮೀಟರ್ ಹಿಡಿದರೆ 12 ವೋಲ್ಟಿಗೂ ಮೇಲೆ ತೋರಿಸುತ್ತದೆ; ಬಲ್ಬಿನ ಹೋಲ್ಡರಿನ ಬಳಿ ಹಿಡಿದರೆ ಅಷ್ಟಿರುವುದಿಲ್ಲ. ತೆಳು ವೈರು, ಸುಟ್ಟ ಸ್ವಿಚ್ಚು, ತುಕ್ಕು ಹಿಡಿದ ಅರ್ತು, ಇವೆಲ್ಲ ನಡುದಾರಿಯಲ್ಲಿ ತಮ್ಮ ಪಾಲು ತೆಗೆದುಕೊಂಡಿರುತ್ತವೆ. ಹ್ಯಾಲೊಜೆನ್ ಬಲ್ಬಿನ ಸ್ವಭಾವವೇ ಹಾಗೆ: ವೋಲ್ಟೇಜು ನೂರಕ್ಕೆ ಹತ್ತು ಇಳಿದರೆ ಬೆಳಕು ನೂರಕ್ಕೆ ಮೂವತ್ತರಷ್ಟು ಇಳಿಯುತ್ತದೆ. ಅರ್ತನ್ನು ಉಜ್ಜಿ ಬಿಗಿ ಮಾಡಿ, ದಪ್ಪ ವೈರು ಎಳೆದು, ಒಂದು ರಿಲೇ ಕೂರಿಸಿ, ಹಳದಿಗಟ್ಟಿದ ಗ್ಲಾಸನ್ನು ಪಾಲಿಶ್ ಮಾಡಿಕೊಟ್ಟರೆ ಎಷ್ಟೋ ಜನ “ಹೊಸ ಲೈಟು ಬೇಡ ಅಣ್ಣಾ, ಇದೇ ಸಾಕು” ಎಂದು ಹೊರಟುಹೋಗುತ್ತಾರೆ. ಇರುವ ಬೆಳಕನ್ನು ಪೂರ್ತಿ ಪಡೆಯದವನೇ ಹೊಸ ಬೆಳಕು ಕೇಳುತ್ತಾನೆ. ಇದು ಗಾಡಿಗಷ್ಟೇ ಸಲ್ಲುವ ಮಾತೆಂದು ನನಗೆ ಅನ್ನಿಸುವುದಿಲ್ಲ. ಒಂದು ಗುರುವಿನಿಂದ ಇನ್ನೊಂದು ಗುರುವಿಗೆ, ಒಂದು ಕ್ಷೇತ್ರದಿಂದ ಇನ್ನೊಂದು ಕ್ಷೇತ್ರಕ್ಕೆ ಅಲೆಯುವವರನ್ನು ಕಂಡಾಗ ಅವರೊಳಗಿನ ಅರ್ತನ್ನು ಯಾರಾದರೂ ಒಮ್ಮೆ ಉಜ್ಜಿದ್ದಾರೆಯೇ ಎಂದು ಕೇಳಬೇಕೆನಿಸುತ್ತದೆ.

ಇದರ ಮೇಲೂ ಬೇಕೆಂದವರಿಗೆ ಬಂಪರಿನಲ್ಲಿ ಕಂಪನಿಯೇ ಬಿಟ್ಟಿರುವ ಜಾಗದಲ್ಲಿ ಒಂದು ಜೊತೆ ಫಾಗ್ ಲ್ಯಾಂಪು ಹಾಕುತ್ತೇನೆ. ಒಂದೊಂದು 55 ವ್ಯಾಟ್. ಎರಡೂ ಸೇರಿ ಎಳೆಯುವುದು ಒಂಬತ್ತು ಆಂಪಿಯರಿನಷ್ಟು. ಅದಕ್ಕೆ 15 ಆಂಪಿಯರಿನ ಫ್ಯೂಸು. ರಿಲೇಯ 30ನೇ ಕಾಲಿಗೆ ಬ್ಯಾಟರಿ, 87ಕ್ಕೆ ಲ್ಯಾಂಪು, 85ಕ್ಕೆ ಅರ್ತು, 86ಕ್ಕೆ ಸ್ವಿಚ್ಚು. ಫಾಗ್ ಲ್ಯಾಂಪು ನೆಲದ ಹತ್ತಿರ ಕೂರುತ್ತದೆ. ಬೆಳಕು ಅಗಲವಾಗಿ, ಚಪ್ಪಟೆಯಾಗಿ ರಸ್ತೆಯ ಅಂಚಿಗೆ ಹರಿಯುತ್ತದೆ, ಮೇಲಕ್ಕೆ ಏಳುವುದಿಲ್ಲ.

ಆದರೆ ಹುಡುಗರಿಗೆ ಬೇಕಾಗಿರುವುದು ಅದಲ್ಲ. ಕ್ಯಾಬಿನ್ ಮೇಲೆ ಉದ್ದಕ್ಕೆ ಎಲ್‌ಇಡಿ ಬಾರ್ ಬೇಕು, ಹೆಡ್‌ಲೈಟಿಗೆ ಹಾಲುಬಿಳಿ ಎಲ್‌ಇಡಿ ಬಲ್ಬು ಬೇಕು. ಅವರಿಗೆ ನಾನು ಹೇಳುವುದು ಇಷ್ಟು: ಮಂಜೆಂದರೆ ಗಾಳಿಯಲ್ಲಿ ನಿಂತ ನೀರಿನ ಹನಿ. ಕಣ್ಣಿನ ಮಟ್ಟದಿಂದ ಜೋರು ಬೆಳಕು ಬಿಟ್ಟರೆ ಪ್ರತಿಯೊಂದು ಹನಿಯೂ ಅದರಲ್ಲೊಂದು ಪಾಲನ್ನು ನಿನ್ನ ಕಣ್ಣಿಗೇ ವಾಪಸು ಕಳಿಸುತ್ತದೆ. ಆಗ ಕಾಣುವುದು ರಸ್ತೆಯಲ್ಲ, ಬಿಳಿ ಗೋಡೆ. ಬೆಳಕು ಹೆಚ್ಚಿದಷ್ಟೂ ಗೋಡೆ ಹತ್ತಿರ ಬರುತ್ತದೆ. ಹಳದಿ ಬೆಳಕು ಮಂಜನ್ನು ಸೀಳುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಮಂಜಿನ ಹನಿ ಬಣ್ಣ ನೋಡಿ ದಾರಿ ಬಿಡುವುದಿಲ್ಲ. ಅದು ಎಲ್ಲ ಬಣ್ಣವನ್ನೂ ಹೆಚ್ಚುಕಡಿಮೆ ಒಂದೇ ರೀತಿ ಚದುರಿಸುತ್ತದೆ. ಹಳದಿಯಲ್ಲಿ ನೀಲಿಯ ಚುಚ್ಚು ಇಲ್ಲದ್ದರಿಂದ ಕಣ್ಣಿಗೆ ಹಿತ ಅನ್ನಿಸುತ್ತದೆ, ಅಷ್ಟೇ. ಫ್ರಾನ್ಸ್ ದೇಶ 1930ರ ದಶಕದಿಂದ 1993ರವರೆಗೆ ಗಾಡಿಗಳಿಗೆ ಹಳದಿ ಹೆಡ್‌ಲೈಟೇ ಇರಬೇಕೆಂದು ಕಾನೂನು ಮಾಡಿಕೊಂಡಿತ್ತು. ದೂರ ಕಾಣುವುದಕ್ಕಿಂತ ಹಿತವಾಗಿ ಕಾಣುವುದನ್ನು ಇಡೀ ದೇಶವೊಂದು ಅಷ್ಟು ವರ್ಷ ಕಾಯ್ದುಕೊಂಡಿತ್ತು ಎಂಬುದೇ ನನಗೆ ದೊಡ್ಡ ವಿಷಯ.

ಎಲ್‌ಇಡಿ ಬಲ್ಬಿನ ಕಥೆಯೂ ತಿಳಿದುಕೊಳ್ಳಬೇಕಾದ್ದೇ. ನಮ್ಮ ಪಿಕಪ್‌ಗಳಲ್ಲಿ ಸಾಮಾನ್ಯವಾಗಿ ಇರುವ ಎಚ್4 ಬಲ್ಬನ್ನು ಕೈಯಲ್ಲಿ ಹಿಡಿದು ನೋಡಿ. ಒಳಗೆ ಎರಡು ತಂತಿಗಳಿವೆ. ಡಿಮ್ ಮಾಡಿದಾಗ ಉರಿಯುವ ತಂತಿಯ ಕೆಳಗೆ ಲೋಹದ ಒಂದು ಪುಟ್ಟ ಮರೆ ಇದೆ. ಆ ಮರೆ ಬೆಳಕಿನ ಒಂದು ಪಾಲನ್ನು ತಡೆದು ನಿಲ್ಲಿಸುತ್ತದೆ. ಅದು ತಡೆಯುವುದರಿಂದಲೇ ಬೆಳಕು ಒಂದು ಗೆರೆಗಿಂತ ಮೇಲೆ ಏಳದೆ ರಸ್ತೆಯಲ್ಲಿ ಮಲಗುತ್ತದೆ. ಮಾಡಿದವನು ಬೆಳಕನ್ನೂ ಸಂಯಮವನ್ನೂ ಒಂದೇ ಗಾಜಿನೊಳಗೆ ಕೂಡಿಸಿ ಇಟ್ಟಿದ್ದಾನೆ. ಅದೇ ಹೆಡ್‌ಲೈಟಿನ ಡೂಮಿಗೆ ಯಾವುದೋ ಎಲ್‌ಇಡಿ ತುರುಕಿದರೆ ಬೆಳಕು ಹುಟ್ಟುವ ಜಾಗ ಕೂದಲೆಳೆಯಷ್ಟು ಬದಲಾದರೂ ಸಾಕು, ಗೆರೆ ಒಡೆದು ಬೆಳಕು ಎಲ್ಲೆಂದರಲ್ಲಿ ಚೆಲ್ಲುತ್ತದೆ. ಒಳಗೆ ಕೂತವನಿಗೆ “ಎಷ್ಟು ಬೆಳಕು!” ಅನ್ನಿಸುತ್ತದೆ. ಅವನ ರಸ್ತೆಗೆ ಬೀಳಬೇಕಾದದ್ದು ಎದುರಿನವನ ಕಣ್ಣಿಗೆ ಬಿದ್ದಿರುವುದು ಅವನಿಗೆ ಗೊತ್ತಾಗುವುದೇ ಇಲ್ಲ.

ಗೊತ್ತಾಗುವುದಕ್ಕೆ ಒಂದೇ ದಾರಿ. ಅದನ್ನು ನನಗೆ ಕಲಿಸಿದವರು ಮಂಗಳೂರಿನಲ್ಲಿ ನಾನು ಕೆಲಸ ಕಲಿತ ಗ್ಯಾರೇಜಿನ ಉಸ್ತಾದರು. ಯಾವ ಗಾಡಿಗೆ ಲೈಟು ಕೂರಿಸಿದರೂ ಅವರು ನನ್ನನ್ನು ಗಾಡಿಯ ಮುಂದೆ ದೂರದಲ್ಲಿ ನಿಲ್ಲಿಸುತ್ತಿದ್ದರು. ಮೊದಲು ನಿಂತು ನೋಡಬೇಕು: ಅದು ಲಾರಿ ಡ್ರೈವರನ ಕಣ್ಣು. ಆಮೇಲೆ ಸ್ವಲ್ಪ ಬಗ್ಗಿ ನೋಡಬೇಕು: ಅದು ಬೈಕಿನವನ ಕಣ್ಣು. ಕೊನೆಗೆ ಕುಕ್ಕರುಗಾಲಲ್ಲಿ ಕೂತು ನೋಡಬೇಕು: ಅದು ರಸ್ತೆ ದಾಟುವ ಮಗುವಿನ ಕಣ್ಣು. “ಲೈಟು ಹಾಕಿದವ ಒಮ್ಮೆ ಅದರ ಎದುರು ನಿಲ್ಲಬೇಕು ಮಾರಾಯ. ಇಲ್ಲದಿದ್ರೆ ಕೆಲಸ ಮುಗಿಯಲಿಲ್ಲ” ಎನ್ನುತ್ತಿದ್ದರು. ಇನ್ನೊಂದು ಮಾತನ್ನೂ ಅವರೇ ಕಲಿಸಿದ್ದು. ಪಿಕಪ್ಪಿಗೆ ಖಾಲಿ ಇರುವಾಗ ಲೈಟು ಹೊಂದಿಸಬಾರದು. ಹಿಂದೆ ಒಂದು ಟನ್ನಿಗೂ ಮೇಲೆ ಲೋಡು ಬಿದ್ದೊಡನೆ ಹಿಂಭಾಗ ಕೂರುತ್ತದೆ, ಮೂತಿ ಮೇಲೇಳುತ್ತದೆ, ಜೊತೆಗೆ ಬೆಳಕೂ ಏಳುತ್ತದೆ. ಡಿಮ್ ಮಾಡಿದ್ದರೂ ಎದುರಿನವನಿಗೆ ಅದು ಹೈಬೀಮೇ. ಸ್ಟೇರಿಂಗ್ ಹಿಂದೆ ಕೂತವನಿಗೆ ತನ್ನ ಹೊರೆಯಿಂದ ತನ್ನ ಬೆಳಕು ಎಷ್ಟು ಮೇಲೆ ಹೋಗಿದೆ ಎಂಬುದರ ಸುಳಿವೂ ಇರುವುದಿಲ್ಲ. ಅದಕ್ಕೇ ನಾನು ಲೋಡಿನ ಜೊತೆಗೇ ಗಾಡಿ ತರಿಸುತ್ತೇನೆ. ಮಟ್ಟವಾದ ನೆಲದಲ್ಲಿ, ಗೋಡೆಗೆ 25 ಅಡಿ ದೂರ ನಿಲ್ಲಿಸಿ, ಗೆರೆ ಎಳೆದು ಹೊಂದಿಸುತ್ತೇನೆ. ಆಮೇಲೆ ಗಾಡಿಯ ಮಾಲೀಕನನ್ನೇ ಕರೆದು ಗೋಡೆಯ ಜಾಗದಲ್ಲಿ ನಿಲ್ಲಿಸುತ್ತೇನೆ. ತನ್ನದೇ ಬೆಳಕಿನ ಎದುರು ನಿಂತು ಕಣ್ಣಿಗೆ ಕೈ ಅಡ್ಡ ಹಿಡಿದವನಿಗೆ ಮತ್ತೆ ಉಪದೇಶ ಬೇಕಾಗುವುದಿಲ್ಲ.

ಎದುರಿನ ಕಣ್ಣಿನಲ್ಲಿ ಏನಾಗುತ್ತದೆ ಎಂಬುದನ್ನು ಎಲ್ಲ ಡ್ರೈವರರೂ ತಿಳಿದಿರಬೇಕು. ಕತ್ತಲೆಯಲ್ಲಿ ನೋಡುವುದಕ್ಕೆಂದು ಕಣ್ಣು ನಿಧಾನವಾಗಿ ಸಿದ್ಧವಾಗುತ್ತದೆ. ಪೂರ್ತಿ ಹೊಂದಿಕೊಳ್ಳಲು ಇಪ್ಪತ್ತು ಮೂವತ್ತು ನಿಮಿಷ ಬೇಕು. ಜೋರು ಬೆಳಕು ಒಮ್ಮೆ ಬಿದ್ದರೆ ಆ ಸಿದ್ಧತೆಯೆಲ್ಲ ಕ್ಷಣದಲ್ಲಿ ಕರಗುತ್ತದೆ. ಬೆಳಕು ದಾಟಿಹೋದ ಮೇಲೂ ಕೆಲವು ಸೆಕೆಂಡು ಏನೂ ಕಾಣುವುದಿಲ್ಲ. ವಯಸ್ಸಾದವರಿಗೆ, ಪೊರೆ ಬರುತ್ತಿರುವ ಕಣ್ಣಿಗೆ ಇನ್ನೂ ಹೆಚ್ಚು ಹೊತ್ತು. ಗಂಟೆಗೆ 36 ಕಿಲೋಮೀಟರ್ ಎಂದರೆ ಘಾಟಿಯಲ್ಲಿ ಸಾಧಾರಣ ವೇಗ. ಆ ವೇಗದಲ್ಲಿ ಗಾಡಿ ಸೆಕೆಂಡಿಗೆ 10 ಮೀಟರ್ ಹೋಗುತ್ತದೆ. ಮೂರು ಸೆಕೆಂಡು ಕಣ್ಣು ಮಂಕಾದರೆ 30 ಮೀಟರ್ ದೂರ ಆ ಮನುಷ್ಯ ಕುರುಡನಾಗಿ ಗಾಡಿ ಓಡಿಸಿದ ಹಾಗೆ. ಚಾರ್ಮಾಡಿಯ ಎಷ್ಟೋ ತಿರುವುಗಳಲ್ಲಿ ರಸ್ತೆ ಅಷ್ಟು ದೂರ ನೇರ ಹೋಗುವುದೇ ಇಲ್ಲ. ಶಿವರಾತ್ರಿಯ ಹೊತ್ತಿಗೆ ಬೆಂಗಳೂರು, ಹಾಸನದ ಕಡೆಯಿಂದ ಧರ್ಮಸ್ಥಳಕ್ಕೆ ಪಾದಯಾತ್ರೆ ಹೊರಟವರು ಇದೇ ಅಂಚಿನಲ್ಲಿ ನಡೆಯುತ್ತಾ ಇಳಿಯುತ್ತಾರೆ. ನನ್ನ ಬೆಳಕಿನಿಂದ ಕಣ್ಣು ಕತ್ತಲಾದವನು ಎದುರಿನ ಡ್ರೈವರನಿರಬಹುದು. ಅದರ ಬೆಲೆ ತೆರುವವರು ರಸ್ತೆಯಂಚಿನಲ್ಲಿ ಬರಿಗಾಲಲ್ಲಿ ನಡೆಯುವ ಮೂರನೆಯವರಿರಬಹುದು.

ಕಾನೂನು ಇದನ್ನೆಲ್ಲ ಕಾಣದೆ ಇಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ, ಲ್ಯಾಂಪಿನ ಮುಂದೆ 8 ಮೀಟರ್ ದೂರದಲ್ಲಿರುವ ಮನುಷ್ಯನ ಕಣ್ಣು ಕುಕ್ಕದಂತೆ ಬೆಳಕು ಬಗ್ಗಿರಬೇಕು, ಇಲ್ಲವೇ ಡ್ರೈವರ್ ಅದನ್ನು ಬಗ್ಗಿಸುವಂತಿರಬೇಕು ಎಂದಿದೆ. ನನ್ನ ಉಸ್ತಾದರು ಆ ಪುಸ್ತಕ ಓದಿದವರಲ್ಲ. ಆದರೂ ಪುಸ್ತಕ ಹೇಳುವ ಜಾಗದಲ್ಲೇ ನನ್ನನ್ನು ನಿಲ್ಲಿಸಿದ್ದರು. ಆರ್‌ಸಿಯಲ್ಲಿ ನಮೂದಾಗಿರುವ, ಕಂಪನಿ ಕೊಟ್ಟ ರೂಪವನ್ನು ಮಾಲೀಕ ತನ್ನಿಷ್ಟಕ್ಕೆ ಬದಲಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅದೇ ವರ್ಷದ ತಿದ್ದುಪಡಿಯ ನಂತರ ಒಪ್ಪಿಗೆಯಿಲ್ಲದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡವಿದೆ, ಜೈಲೂ ಇದೆ. 2024ರ ಜುಲೈಯಿಂದ ನಮ್ಮ ರಾಜ್ಯದ ಪೊಲೀಸರು ಕಣ್ಣು ಕುಕ್ಕುವ ಎಲ್‌ಇಡಿ ಲೈಟುಗಳ ಮೇಲೆ ಕೇಸು ಹಾಕಲು ಹೊರಟಾಗ ನನ್ನ ಅಂಗಡಿಗೆ ಲೈಟು ಬಿಚ್ಚಿಸಲು ಬಂದವರೂ ಇದ್ದರು.

ಕಾನೂನು ಬೇಕು. ಆದರೆ ರಾತ್ರಿ ಎರಡು ಗಂಟೆಗೆ, ಮಂಜಿನಲ್ಲಿ, ಘಾಟಿಯ ನಡುವೆ ಪೊಲೀಸರಿರುವುದಿಲ್ಲ. ಎದುರು ಬರುವವನ ಮುಖ ನನಗೆ ಕಾಣುವುದಿಲ್ಲ, ನನ್ನದು ಅವನಿಗೆ ಕಾಣುವುದಿಲ್ಲ. ಅವನ ಜಾತಿ ಗೊತ್ತಿಲ್ಲ, ಊರು ಗೊತ್ತಿಲ್ಲ, ಒಳ್ಳೆಯವನೋ ಕೆಟ್ಟವನೋ ಗೊತ್ತಿಲ್ಲ. ಮತ್ತೆಂದೂ ಸಿಗುವವನಲ್ಲ, ಉಪಕಾರ ತೀರಿಸುವವನಲ್ಲ, ಹೊಗಳುವವನಲ್ಲ. ಹೀಗೆ ಲಾಭದ ಆಸೆ, ಶಿಕ್ಷೆಯ ಭಯ, ನೆಂಟಸ್ತನದ ಸೆಳೆತ ಎಲ್ಲವೂ ಕಳಚಿಬಿದ್ದ ಮೇಲೂ ಇನ್ನೊಬ್ಬನಿಗಾಗಿ ನಾನು ಏನು ಮಾಡುತ್ತೇನೆ? ಫಲದ ಆಸೆ ಬಿಟ್ಟು ಮಾಡುವ ಕೆಲಸ ಎಂದು ಕೇಳುತ್ತಲೇ ಬೆಳೆದವರು ನಾವು. ಹೆಬ್ಬೆರಳೋ ತೋರುಬೆರಳೋ ಆಡಿಸಿ ಲೈಟು ಡಿಮ್ ಮಾಡುವುದಕ್ಕಿಂತ ಶುದ್ಧವಾದ ಉದಾಹರಣೆ ನನಗಂತೂ ಗೊತ್ತಿಲ್ಲ.

ನಮ್ಮೂರಿನ ನಿವೃತ್ತ ಮೇಷ್ಟ್ರೊಬ್ಬರ ಮನೆಯಲ್ಲಿ ಸಂಜೆ ಹೊತ್ತು ಉಪನಿಷತ್ತು ಓದುತ್ತೇವೆ. ಈಶಾವಾಸ್ಯ ಹದಿನೆಂಟೇ ಮಂತ್ರಗಳ ಚಿಕ್ಕ ಉಪನಿಷತ್ತು. ಅದರ ಕೊನೆಯ ಭಾಗಕ್ಕೆ ಬಂದಾಗ ನಾನು ಎದ್ದು ನಿಲ್ಲುವಷ್ಟು ಬೆರಗಾದೆ. ಸತ್ಯದ ಮುಖವನ್ನು ಹೊಳೆಯುವ ಚಿನ್ನದ ಪಾತ್ರೆ ಮುಚ್ಚಿದೆ ಎನ್ನುತ್ತಾನೆ ಋಷಿ. ಆಮೇಲೆ ಸೂರ್ಯನನ್ನೇ ಕರೆದು, ನಿನ್ನ ಕಿರಣಗಳನ್ನು ಒಟ್ಟುಗೂಡಿಸಿಕೋ, ತೇಜಸ್ಸನ್ನು ಹಿಂದಕ್ಕೆ ಸೆಳೆದುಕೋ, ನಿನ್ನ ಮಂಗಳಕರವಾದ ರೂಪ ನನಗೆ ಕಾಣಲಿ ಎಂದು ಬೇಡುತ್ತಾನೆ. ಬೆಳಕು ಬೇಕೆಂದು ದೇವರನ್ನು ಕೇಳುವುದು ನಮಗೆಲ್ಲ ಗೊತ್ತಿತ್ತು. ಬೆಳಕು ತಗ್ಗಿಸು ಎಂದು, ಅದೂ ಸೂರ್ಯನನ್ನು, ಕೇಳಿಕೊಂಡವನು ಈ ಋಷಿ. ಕತ್ತಲೆ ಮುಚ್ಚುತ್ತದೆ ಎಂಬುದು ಮಗುವಿಗೂ ಗೊತ್ತು. ಬೆಳಕೂ ಮುಚ್ಚುತ್ತದೆ ಎಂದು ತಿಳಿಯಲು ಎದುರಿನ ಗಾಡಿಯ ಹೈಬೀಮು ನೋಡಿರಬೇಕು, ಇಲ್ಲವೇ ಋಷಿಯಾಗಿರಬೇಕು. ಅದೇ ಉಪನಿಷತ್ತಿನಲ್ಲಿ ಇನ್ನೊಂದು ಎಚ್ಚರಿಕೆಯೂ ಇದೆ: ಅವಿದ್ಯೆಯ ಹಿಂದೆ ಹೋದವರು ಕತ್ತಲೆಗೆ ಬೀಳುತ್ತಾರೆ, ವಿದ್ಯೆಯಲ್ಲೇ ಮೈಮರೆತವರು ಅದಕ್ಕಿಂತ ದಟ್ಟವಾದ ಕತ್ತಲೆಗೆ ಬೀಳುತ್ತಾರೆ. ಇದಕ್ಕೆ ಪಂಡಿತರು ಬೇರೆ ಬೇರೆ ಅರ್ಥ ಹೇಳಿದ್ದಾರೆ. ನನಗೆ ತಿಳಿದದ್ದು ಇಷ್ಟು: ತನ್ನ ಬೆಳಕಿನಲ್ಲೇ ಮುಳುಗಿದವನಿಗೆ ಇನ್ನೊಬ್ಬರ ಕತ್ತಲೆ ಕಾಣುವುದಿಲ್ಲ.

ಗೀತೆಯ ಹನ್ನೊಂದನೆಯ ಅಧ್ಯಾಯದಲ್ಲಿ ಅರ್ಜುನನಿಗೂ ಇದೇ ಅನುಭವ. ವಿಶ್ವರೂಪ ನೋಡಬೇಕೆಂದು ಕೇಳಿದವನು ಅವನೇ. ಸಾವಿರ ಸೂರ್ಯರು ಒಟ್ಟಿಗೆ ಮೂಡಿದಂಥ ತೇಜಸ್ಸು ಎದುರಾದಾಗ ಅವನಿಗೆ ದಿಕ್ಕೇ ತಪ್ಪುತ್ತದೆ, ನೆಮ್ಮದಿ ಹೋಗುತ್ತದೆ. ಕೊನೆಗೆ, ನಿನ್ನ ಮೊದಲಿನ ರೂಪವನ್ನೇ ತೋರಿಸು ಎಂದು ಕೈಮುಗಿಯುತ್ತಾನೆ. ಕೃಷ್ಣ ಏನು ಮಾಡಿದ? “ನೀನೇ ಕೇಳಿದ್ದಲ್ಲವೇ, ತಡೆದುಕೋ” ಎನ್ನಲಿಲ್ಲ. ಸೌಮ್ಯ ರೂಪಕ್ಕೆ ಮರಳಿ, ಹೆದರಿದವನನ್ನು ಸಮಾಧಾನ ಮಾಡಿದ. ಎದುರು ನಿಂತವನ ಕಣ್ಣಿನ ಶಕ್ತಿಗೆ ತಕ್ಕಷ್ಟೇ ಬೆಳಗುವುದು ದೇವರಿಗೇ ಕಡಿಮೆಯೆನಿಸಲಿಲ್ಲ. ಹೀಗಿರುವಾಗ ಪಿಕಪ್ ಓಡಿಸುವವನಿಗೆ, ಲೈಟು ತಗ್ಗಿಸಿದರೆ ಸೋತಂತೆ ಎಂಬ ಭಾವನೆ ಏಕೆ? ತಗ್ಗಿಸುವ ಶಕ್ತಿಯಿಲ್ಲದ ಬೆಳಕು ಬರೀ ಉರಿ. ತಗ್ಗಬಲ್ಲ ಬೆಳಕಿನಲ್ಲಿ ಮಾತ್ರ ದೈವತ್ವವಿದೆ ಎಂದು ನನಗೆ ಈ ಎರಡು ಕಡೆಯಿಂದಲೂ ತಿಳಿಯಿತು.

ಈಗ ವೈರಿಂಗಿಗೆ ಬರುತ್ತೇನೆ. ನನ್ನ ಮಟ್ಟಿಗೆ ಈ ಪ್ರಶ್ನೆ ಗಟ್ಟಿಯಾಗಿ ನಿಂತದ್ದು ಅಲ್ಲೇ. ಫಾಗ್ ಲ್ಯಾಂಪು ತಗ್ಗಿನಲ್ಲೇ ಉರಿಯುವಂಥದ್ದು, ಅದಕ್ಕೆ ಬೇರೆ ಸ್ವಿಚ್ಚು ಕೊಟ್ಟರೆ ತೊಂದರೆಯಿಲ್ಲ. ದೂರಕ್ಕೆ ಹೊಡೆಯುವ ಲ್ಯಾಂಪನ್ನು ಜೋಡಿಸಲು ಎರಡು ದಾರಿಗಳಿವೆ. ಒಂದು, ಅದಕ್ಕೂ ಬೇರೆಯದೇ ಸ್ವಿಚ್ಚು. ಎದುರು ಗಾಡಿ ಬಂದಾಗಲೆಲ್ಲ ಡ್ರೈವರ್ ನೆನಪಿಟ್ಟು ಆರಿಸಬೇಕು. ಇನ್ನೊಂದು, ರಿಲೇಯ 86ನೇ ಕಾಲಿಗೆ ಹೈಬೀಮಿನ ವೈರಿನಿಂದಲೇ ಕರೆಂಟು ಕೊಡುವುದು; ಆಗ ಹೆಡ್‌ಲೈಟು ಡಿಮ್ ಮಾಡಿದ ತಕ್ಷಣ ರಿಲೇ ಬಿಟ್ಟುಕೊಂಡು ಆ ಲ್ಯಾಂಪುಗಳೂ ತಾವಾಗಿ ಆರುತ್ತವೆ. ನಾನು ಎರಡನೆಯದನ್ನಷ್ಟೇ ಮಾಡಿಕೊಡುತ್ತೇನೆ, ಅದೂ ಕಾನೂನು ಒಪ್ಪುವ ಲ್ಯಾಂಪಾದರೆ. ಕ್ಯಾಬಿನ್ ಮೇಲಿನ ಬಾರಿಗೆ ನನ್ನಲ್ಲಿ ವೈರೇ ಇಲ್ಲ.

ಬಾಳೂರು ಕಡೆಯ ಒಬ್ಬ ಹುಡುಗ, ಡಿಗ್ರಿ ಓದಿ ಅಪ್ಪನ ಪಿಕಪ್ ಹಿಡಿದವನು, ಇದಕ್ಕೆ ಒಂದು ಒಳ್ಳೆಯ ತಕರಾರು ತೆಗೆದ. “ಅಣ್ಣಾ, ನಾನೇ ಮನಸ್ಸು ಮಾಡಿ ಆರಿಸಿದ್ರೆ ಅದು ಒಳ್ಳೇತನ. ರಿಲೇ ಆರಿಸಿದ್ರೆ ಅದರಲ್ಲಿ ನನ್ನದೇನು ಬಂತು? ನೀವು ನನ್ನ ಪುಣ್ಯನೂ ಕಿತ್ತುಕೊಳ್ತಿದ್ದೀರಿ” ಎಂದ. ಅವನ ಮಾತಿನಲ್ಲಿ ಹುರುಳಿತ್ತು. ಬೇರೆ ದಾರಿಯೇ ಇಲ್ಲದವನು ಮಾಡಿದ ಒಳ್ಳೆಯದು ಒಳ್ಳೆಯದೆನಿಸುತ್ತದೆಯೇ ಎಂದು ತತ್ತ್ವಶಾಸ್ತ್ರದವರು ಕೇಳುವ ಪ್ರಶ್ನೆಯೂ ಇದೇ.

ನಾನು ಅವನಿಗೆ ಹೇಳಿದ್ದು ವ್ರತದ ವಿಷಯ. ನಮ್ಮ ಸೀಮೆಯ ಜೈನರ ಮನೆಗಳಲ್ಲಿ ಸೂರ್ಯ ಮುಳುಗಿದ ಮೇಲೆ ಊಟ ಮಾಡದ ವ್ರತ ಹಿಡಿದವರಿದ್ದಾರೆ. ದೀಪ ಹಚ್ಚಿದರೆ ಹುಳುಹುಪ್ಪಟೆ ಬಂದು ಬಿದ್ದು ಸಾಯುತ್ತವೆ, ಅನ್ನದಲ್ಲೂ ಬೀಳುತ್ತವೆ, ಕಾಣದ ಜೀವಕ್ಕೂ ನನ್ನಿಂದ ಹಿಂಸೆಯಾಗಬಾರದು ಎಂಬುದು ಅದಕ್ಕೆ ಕೊಡುವ ಕಾರಣಗಳಲ್ಲೊಂದು. ಅವರು ದಿನವೂ ಕತ್ತಲಾದ ಮೇಲೆ ಹಸಿವಿನ ಎದುರು ಕೂತು, ಇವತ್ತು ತಿನ್ನಲೋ ಬಿಡಲೋ ಎಂದು ಹೊಸದಾಗಿ ತೂಗುವುದಿಲ್ಲ. ಹೊಟ್ಟೆ ತಣ್ಣಗಿದ್ದಾಗ, ಮನಸ್ಸು ತಿಳಿಯಾಗಿದ್ದಾಗ ಒಮ್ಮೆ ತೀರ್ಮಾನಿಸಿದ್ದಾರೆ; ಆ ತೀರ್ಮಾನ ಮುಂದಿನ ಎಲ್ಲ ಸಂಜೆಗಳನ್ನೂ ಕಾಯುತ್ತದೆ. ಅದರಿಂದ ಅವರ ಸ್ವಾತಂತ್ರ್ಯ ಹೋಗಿಲ್ಲ, ಅದನ್ನು ಸರಿಯಾದ ಹೊತ್ತಿನಲ್ಲಿ ಬಳಸಿದ್ದಾರೆ. “ನೀನು ಈಗ ಹಗಲು ಹೊತ್ತಿನಲ್ಲಿ, ಕಾಫಿ ಕುಡಿದು, ನನ್ನ ಅಂಗಡಿಯಲ್ಲಿ ನಿಂತು ಯೋಚಿಸ್ತಿದ್ದೀಯ. ರಾತ್ರಿ ಎರಡು ಗಂಟೆಗೆ ಯೋಚಿಸುವವನು ಬೇರೆ. ಅವನಿಗೆ ನಿದ್ದೆ ಬರ್ತಾ ಇರುತ್ತೆ, ಹಿಂದಿನ ತಿರುವಿನಲ್ಲಿ ಯಾರೋ ಕಣ್ಣಿಗೆ ಹೊಡೆದ ಸಿಟ್ಟಿರುತ್ತೆ. ಅವನ ಪರವಾಗಿ ನೀನೀಗಲೇ ಒಂದು ಒಳ್ಳೇ ಮಾತು ಕೊಡು” ಎಂದೆ. ಮತ್ತೂ ಒಂದು ಮಾತಿದೆ. ರಿಲೇ ಎಲ್ಲವನ್ನೂ ತಾನೇ ಮಾಡುವುದಿಲ್ಲ. ಎದುರಿನ ಗಾಡಿಯನ್ನು ಕಂಡು ಡಿಮ್ ಮಾಡಬೇಕಾದ ಬೆರಳು ಅವನದೇ. ಆ ಬೆರಳು ಆಡಿದಾಗ ಒಳ್ಳೆಯದು ಅರ್ಧಕ್ಕೆ ನಿಲ್ಲದೆ ಪೂರ್ತಿಯಾಗುವಂತೆ ರಿಲೇ ನೋಡಿಕೊಳ್ಳುತ್ತದೆ. ಮನಸ್ಸು ಮತ್ತು ನಿಯಮ ಹೀಗೆ ಜೊತೆಯಾಗಿ ನಡೆಯಬೇಕು. ಮನಸ್ಸೊಂದನ್ನೇ ನಂಬಿದವನು ದಣಿದಾಗ ಜಾರುತ್ತಾನೆ. ನಿಯಮವೊಂದನ್ನೇ ನಂಬಿದವನು ಪೊಲೀಸರಿಲ್ಲದಲ್ಲಿ ಜಾರುತ್ತಾನೆ.

ಘಾಟಿಯಲ್ಲಿ ಅಣ್ಣಪ್ಪ ಸ್ವಾಮಿಯ ಗುಡಿಯಿದೆ. ಈ ದಾರಿಯ ಡ್ರೈವರರು ಅಲ್ಲಿ ಗಾಡಿ ನಿಧಾನಿಸಿ, ಕಾಣಿಕೆ ಹಾಕಿ, ಕೈಮುಗಿದು ಮುಂದೆ ಹೋಗುತ್ತಾರೆ. ನಾನೂ ಹಾಗೇ ಮಾಡುತ್ತೇನೆ. ನಮ್ಮನ್ನು ಕಾಪಾಡು ಎಂಬ ಆ ಪ್ರಾರ್ಥನೆ ಹೃದಯದಿಂದ ಬಂದದ್ದೇ. ಆದರೆ ಎದುರಿನಿಂದ ಬರುವವನೂ ಅದೇ ಗುಡಿಯ ಮುಂದೆ ಅದೇ ಮಾತು ಬೇಡಿಕೊಳ್ಳುತ್ತಾನೆ. ಇಬ್ಬರ ಪ್ರಾರ್ಥನೆಯನ್ನೂ ಸ್ವಾಮಿ ಈಡೇರಿಸಬೇಕಾದರೆ ಅವನಿಗೆ ನನ್ನ ಕೈಯೇ ಬೇಕು. ಎದುರಿನವನನ್ನು ಕಾಪಾಡುವ ಕೆಲಸದಲ್ಲಿ ಒಂದು ಚಿಕ್ಕ ಪಾಲು ನನ್ನ ಸ್ಟೇರಿಂಗ್ ಪಕ್ಕದ ಕಡ್ಡಿಯಲ್ಲಿದೆ. ಆಯುಧಪೂಜೆಯ ದಿನ ಹೆಡ್‌ಲೈಟಿಗೆ ಕುಂಕುಮ ಹಚ್ಚುವಾಗ ನಾನು ಇದನ್ನೇ ನೆನೆಯುತ್ತೇನೆ. ಪೂಜೆ ಮಾಡಿಸಿಕೊಂಡ ವಸ್ತುವಿಗೆ ವರ್ಷವಿಡೀ ಸಲ್ಲುವ ಮರ್ಯಾದೆಯೊಂದಿದೆ: ಅದನ್ನು ಯಾರ ವಿರುದ್ಧವೂ ಆಯುಧವಾಗಿ ಎತ್ತದೆ ಇರುವುದು.

ಇಷ್ಟೆಲ್ಲ ಕೇಳಿದ ಮೇಲೂ ಎಲ್ಲರೂ ಕಟ್ಟಕಡೆಗೆ ಎಸೆಯುವ ಪ್ರಶ್ನೆಯೊಂದಿದೆ. “ಸರಿ ಅಣ್ಣಾ, ನಾನು ಡಿಮ್ ಮಾಡ್ತೀನಿ. ಎದುರಿನವನು ಮಾಡದಿದ್ರೆ?” ಘಟ್ಟದ ರಸ್ತೆಯಲ್ಲಿ ಹತ್ತುವ ಗಾಡಿಗೆ ಇಳಿಯುವವನು ದಾರಿ ಬಿಡಬೇಕೆಂದು ನಿಯಮವಿದೆ, ಅಲ್ಲಿ ಗೊಂದಲವಿಲ್ಲ. ಮೊದಲು ಬೆಳಕು ತಗ್ಗಿಸಬೇಕಾದವರು ಯಾರು ಎಂದು ಯಾವ ಪುಸ್ತಕವೂ ಬರೆದಿಲ್ಲ. ಅದನ್ನು ಆ ಇಬ್ಬರಿಗೇ ಬಿಟ್ಟಿದೆ.

ನನ್ನ ಉತ್ತರದಲ್ಲಿ ಎರಡು ಪಾಲಿವೆ. ಮೊದಲನೆಯದು ಬರೀ ಲೆಕ್ಕ. ಅವನು ತಗ್ಗಿಸದಿದ್ದರೆ ಕಣ್ಣು ಮಂಕಾದವನು ನೀನೊಬ್ಬ. ಸಿಟ್ಟಿಗೆ ನೀನೂ ಎತ್ತಿದರೆ ಒಂದೇ ತಿರುವಿನಲ್ಲಿ, ಎದುರುಬದುರು, ಕಣ್ಣು ಕಾಣದವರು ಇಬ್ಬರು. ಅವನಿಗೆ ಬುದ್ಧಿ ಕಲಿಸಲು ಆರಿಸಿಕೊಂಡ ಜಾಗದಲ್ಲಿ ಅವನ ಚಕ್ರ ನಿನ್ನ ಕಡೆಗೇ ತಿರುಗಬಹುದು. ಕುರುಡನನ್ನಾಗಿ ಮಾಡಿ ಅವನಿಂದ ದಾರಿ ನಿರೀಕ್ಷಿಸುವುದು ವಿವೇಕವಲ್ಲ. ವೇಗ ಇಳಿಸು, ರಸ್ತೆಯ ಎಡ ಅಂಚಿನ ಮೇಲೆ ಕಣ್ಣಿಡು, ಅವನು ದಾಟಿಹೋಗಲಿ.

ಎರಡನೆಯ ಪಾಲು ಲೆಕ್ಕಕ್ಕೆ ಸಿಗುವುದಲ್ಲ. ಅವನು ಮಾಡಿದರೆ ನಾನು ಮಾಡುತ್ತೇನೆ ಎಂಬುದು ವ್ಯಾಪಾರ. ವ್ಯಾಪಾರ ತಪ್ಪಲ್ಲ, ನಾನೂ ವ್ಯಾಪಾರಿಯೇ. ಆದರೆ ಧರ್ಮ ಶುರುವಾಗುವುದು ಎದುರಿನವನ ನಡತೆಯಿಂದ ನನ್ನ ನಡತೆಯನ್ನು ಬಿಡಿಸಿಕೊಂಡಾಗ. ಈಶಾವಾಸ್ಯ ತನ್ನ ಮೊದಲ ಮಂತ್ರದಲ್ಲೇ ಬಿಟ್ಟುಕೊಟ್ಟು ಅನುಭವಿಸು, ಇನ್ನೊಬ್ಬರದ್ದಕ್ಕೆ ಆಸೆಪಡಬೇಡ ಎನ್ನುತ್ತದೆ. ರಾತ್ರಿಯ ರಸ್ತೆಯಲ್ಲಿ ಇನ್ನೊಬ್ಬನ ಆಸ್ತಿ ಎಂದರೆ ಅವನ ನೋಟ. ನನ್ನ ಬ್ಯಾಟರಿಯ ಬಲದಿಂದ ಅದನ್ನು ಕಿತ್ತುಕೊಳ್ಳುವ ಅಧಿಕಾರ ನನಗಿಲ್ಲ. ಅವನು ನನ್ನದನ್ನು ಕಿತ್ತುಕೊಂಡ ಎಂಬ ಕಾರಣಕ್ಕೂ ಇಲ್ಲ. ದುಡ್ಡು ಕೊಟ್ಟು ನಾನು ಕೊಂಡದ್ದು ಬಲ್ಬು, ವೈರು, ರಿಲೇ ಮಾತ್ರ. ಬೆಳಕು ಗಾಜು ದಾಟಿ ಹೊರಬಿದ್ದ ಕ್ಷಣದಿಂದ ಅದು ಆ ರಸ್ತೆಯಲ್ಲಿರುವ ಎಲ್ಲರದ್ದು, ಅದರ ಹೊಣೆ ಮಾತ್ರ ನನ್ನದು. ನನ್ನ ಅಂಗಡಿಯಿಂದ ಹೊರಡುವ ಪ್ರತಿಯೊಬ್ಬ ಡ್ರೈವರನಿಗೂ ನಾನು ಕೇಳಿಕೊಳ್ಳುವುದು ಒಂದೇ: ಅವನು ತಗ್ಗಿಸುತ್ತಾನೋ ಇಲ್ಲವೋ ಎಂದು ಕಾಯಬೇಡಿ. ಮೊದಲು ನೀವು ತಗ್ಗಿಸಿ.